ಉದ್ದದ ಕೋಲು, ಗಿಡ್ಡ ಹಿಡಿತ

ಚನ್ನರಾಯಪಟ್ಟಣದ ಕಾಲೇಜು ಮೈದಾನದಲ್ಲಿ ಆ ಬೆಳಿಗ್ಗೆ ನಾವು ನಾಲ್ಕು ಜನ ಇದ್ದೆವು. ಆಟದ ಮೇಷ್ಟ್ರಾದ ನಾನು. ಪೋಲ್ ವಾಲ್ಟ್ ಮಾಡುವ, ಅಂದರೆ ಉದ್ದನೆಯ ಕೋಲೂರಿ ಅಡ್ಡಪಟ್ಟಿ ದಾಟುವ, ಬಿ.ಎ. ಕೊನೆಯ ವರ್ಷದ ಹುಡುಗಿ. ಬಾಗೂರಿನ ಕಡೆಯಿಂದ ಮೊಪೆಡ್ಡಿನಲ್ಲಿ ಅವಳನ್ನು ಬಿಟ್ಟು ಹೋಗಲು ಬಂದು, ಹೋಗದೆ ನಿಂತುಕೊಂಡಿದ್ದ ಅವಳ ಅಪ್ಪ. ನಾಲ್ಕನೆಯವನು ಮೈದಾನ ನೋಡಿಕೊಳ್ಳುವ ಅಟೆಂಡರ್. ನನಗಿಂತ ಆರು ವರ್ಷಕ್ಕೆ ದೊಡ್ಡವನು, ನಿವೃತ್ತಿಗೆ ದಿನ ಎಣಿಸುತ್ತಿದ್ದವನು. ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಉದ್ದಕ್ಕೆ ಮಲಗಿಸಿದ್ದ ಹೊಸ ಕೋಲನ್ನು ನಾಲ್ವರೂ, ಹೆಣ್ಣು ನೋಡಲು ಬಂದ ಬೀಗರ ಹಾಗೆ, ಏನು ಹೇಳಿದರೆ ಏನಾಗುತ್ತದೋ ಎಂದು ಸುಮ್ಮನೆ ನೋಡುತ್ತಿದ್ದೆವು. ಹೊಸದು ಅಂದರೆ ನಮಗೆ ಹೊಸದು. ಅದಕ್ಕೆ ನಾಲ್ಕು ಮೀಟರ್ ಉದ್ದ.

“ಬೋ ಉದ್ದ ಆಯ್ತಲ್ಲ ಸಾ” ಎಂದರು ಅವಳ ಅಪ್ಪ.

“ಉದ್ದಾನೇ ಬೇಕಾಗಿರೋದು” ಎಂದೆ.

ಯಾಕೆ ಬೇಕಾಗಿತ್ತು ಎನ್ನುವ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಲೆಕ್ಕದ ಕಾಟ ಕೊಡುವುದಿಲ್ಲ. ಓಡಿಬಂದು ಕೋಲಿನ ಬುಡ ಊರುವುದಕ್ಕೆ ನೆಲದಲ್ಲಿ ಒಂದು ತಗ್ಗಿನ ಪೆಟ್ಟಿಗೆ ಹೂತಿರುತ್ತಾರೆ. ಅದರ ಆಳ ಒಂದು ಗೇಣು, ಇಪ್ಪತ್ತು ಸೆಂಟಿಮೀಟರ್. ಹುಡುಗಿ ತನ್ನ ಹಳೆಯ ಕೋಲನ್ನು ಬುಡದಿಂದ ಮೂರೂವರೆ ಮೀಟರ್ ಎತ್ತರದಲ್ಲಿ ಹಿಡಿಯುತ್ತಿದ್ದಳು. ಪೆಟ್ಟಿಗೆಯ ಗೇಣು ಕಳೆದರೆ ನೆಲದಿಂದ ಅವಳ ಕೈಗೆ ಮೂರು ಮೂವತ್ತು. ಅವಳು ದಾಟುತ್ತಿದ್ದುದು ಮೂರು ಹತ್ತು. ಅಂದರೆ ತನ್ನ ಕೈಗಿಂತ ಇನ್ನೊಂದು ಗೇಣು ಕೆಳಗೆ. ಬಲ್ಲವರು ಕೈಗಿಂತ ಮೇಲೆ ಹೋಗುತ್ತಾರೆ. ಅದಕ್ಕೆ ವರ್ಷಗಳು ಬೇಕು. ನಮ್ಮ ಹತ್ತಿರ ಇದ್ದದ್ದು ಆರು ವಾರ.

ಆರು ವಾರಕ್ಕೆ ಹಾಸನದಲ್ಲಿ, ಬೆಂಗಳೂರಿನ ಕಡೆಯ ಒಂದು ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ಇತ್ತು. ಮೂರು ಮೂವತ್ತು ದಾಟಿದವರಿಗೆ ಸೀಟು: ಎಂ.ಎ. ಓದುವ ಎರಡು ವರ್ಷ ಊಟ, ವಸತಿ, ಬೀಳಲು ಸರಿಯಾದ ಹಾಸು, ಸರಿಯಾದ ತರಬೇತುದಾರ. ದಾಟದಿದ್ದರೆ ಹಾಸನದ ಗಾರ್ಮೆಂಟ್ಸ್‌ನಲ್ಲಿ ಅವಳ ಚಿಕ್ಕಮ್ಮನ ಮಗಳು ಮಾತಾಡಿಟ್ಟಿದ್ದ ಹೊಲಿಗೆ ಯಂತ್ರ. ಆ ಯಂತ್ರದ ಮೇಲೆ ನನಗೇನೂ ದ್ವೇಷವಿಲ್ಲ, ನಮ್ಮ ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಆದರೆ ಅದರ ಮುಂದೆ ಒಮ್ಮೆ ಕೂತರೆ ಮತ್ತೆ ಎಗರುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇದ್ದ ನೈಪುಣ್ಯದಲ್ಲೇ ಮೂರು ಮೂವತ್ತಕ್ಕೆ ಹೋಗಬೇಕಾದರೆ ಕೈ ಮೂರು ಎಪ್ಪತ್ತಕ್ಕೆ ಏರಬೇಕು. ಹಳೆಯ ಕೋಲಿನ ಉದ್ದವೇ ಮೂರು ಎಪ್ಪತ್ತು. ತುದಿಯ ತುದಿಯಲ್ಲಿ ಯಾರೂ ಹಿಡಿಯಲಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಕಾಲು ಚಾಚಲೇಬೇಕಾದಾಗ ಹಾಸಿಗೆ ಹುಡುಕಿಕೊಂಡು ಹೋಗಬೇಕು.

ಹುಡುಕಿಕೊಂಡು ಅರಕಲಗೂಡಿಗೆ ಹೋಗಿದ್ದೆ. ಅಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತಮ್ಮ ಕಾಲದಲ್ಲಿ ಬಿದಿರಿನ ಕೋಲಿನಿಂದ ಶುರುಮಾಡಿ ಫೈಬರ್ ಕೋಲಿನವರೆಗೆ ಎಗರಿದವರು, ಎಲ್ಲೆಲ್ಲಿಂದಲೋ ತಂದ ಕೋಲುಗಳನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಜಂತೆಗೆ ನೇತುಹಾಕಿ ಕಾಪಾಡಿಕೊಂಡವರು. ನಾನು ಹೋದ ದಿನ ಅವರು ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋಗಿದ್ದರು. ಸೊಸೆ ಬೀಗ ತೆಗೆದು, “ನಮ್‌ ಮಾವ ಫೋನ್ ಮಾಡಿದ್ರು. ಯಾವ್ದು ಬೇಕೋ ತಕಂಡೋಗಿ. ಸೊಪ್ಪಿನ ವಾಸ್ನೆ ಬತ್ತದೆ, ಬೇಜಾರ್ ಮಾಡ್ಕಬೇಡಿ” ಎಂದರು.

ನಾಲ್ಕು ಮೀಟರಿನವು ಎರಡಿದ್ದವು. ಪ್ರತಿ ಕೋಲಿನ ಮೇಲೂ ಅದು ಎಷ್ಟು ತೂಕದವರನ್ನು ತಡೆಯುತ್ತದೆ ಎಂದು ಬರೆದಿರುತ್ತದೆ. ಒಂದರ ಮೇಲೆ ಐವತ್ತೆರಡು ಕಿಲೊ, ಇನ್ನೊಂದರ ಮೇಲೆ ಅರವತ್ತು. ಹುಡುಗಿಯ ತೂಕ ಐವತ್ತೊಂದು. ಐವತ್ತೆರಡರದ್ದನ್ನು ಕೈಯಲ್ಲಿ ಒತ್ತಿ ನೋಡಿದೆ, ಸ್ವಲ್ಪ ಮೆತ್ತಗೆ ಅನ್ನಿಸಿತು. ಶಾಲೆಗೆ ಸೇರುವ ಮಕ್ಕಳಿಗೆ ಅಂಗಿ ಹೊಲಿಸುವಾಗ ನಮ್ಮಲ್ಲಿ ಒಂದಳತೆ ದೊಡ್ಡದೇ ಹೊಲಿಸುವುದು ವಾಡಿಕೆ, ಬೆಳೆಯುವ ಮಕ್ಕಳು ಎಂದು. ಅದೇ ಬುದ್ಧಿ ಓಡಿತು. ಗಟ್ಟಿಯದು ಮುರಿಯುವುದಿಲ್ಲ, ಮುಂದೆಯೂ ಬರುತ್ತದೆ ಎಂದುಕೊಂಡು ಅರವತ್ತನ್ನು ಇಳಿಸಿಕೊಂಡೆ.

ನಾಲ್ಕು ಮೀಟರ್ ಕೋಲು ಬಸ್ಸಿನೊಳಗೆ ಹಿಡಿಯುವುದಿಲ್ಲ. ಖಾಲಿ ಹೋಗುತ್ತಿದ್ದ ಶುಂಠಿ ಟೆಂಪೊ ಒಂದಕ್ಕೆ ಕಟ್ಟಿ ಹೊಳೆನರಸೀಪುರದವರೆಗೆ ತಂದೆ. ಅಲ್ಲಿ ಇನ್ನೊಂದು ಗಾಡಿ ಸಿಗುವ ತನಕ ಎರಡು ತಾಸು ಅದನ್ನು ಹೆಗಲ ಮೇಲೆ ಹೊತ್ತು ನಿಂತೆ. ಬೆಡ್‌ಶೀಟು ಸುತ್ತಿದ್ದರಿಂದ ಜನಕ್ಕೆ ಅದು ಏನೆಂದು ತಿಳಿಯದು.

“ಗಾಳನಾ ಸಾ?” ಎಂದ ಕಡಲೆಕಾಯಿ ಮಾರುವವನು. “ಎಂಥಾ ಮೀನಿಗೆ ಇದು? ನಮ್ಮ ಹೊಳೇಲಿ ಅಂಥವು ಇಲ್ಲ ಕಣ್ ಸಾ.”

ಹೀಗೆ ಬಂದ ಕೋಲು ಕುರ್ಚಿಗಳ ಮೇಲೆ ಮಲಗಿತ್ತು. ಹುಡುಗಿ ಅದನ್ನೆತ್ತಿ ಹಿಡಿದು ನಾಲ್ಕು ಹೆಜ್ಜೆ ನಡೆದಳು. ತುದಿ ತೂಗಾಡಿತು. ಅವಳ ಮುಖ ಸಣ್ಣಗಾಯಿತು.

ಅವಳ ಅಪ್ಪ ಕಾಯಿ ಕೀಳುವವರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಕೀಳುವುದು ದೋಟಿಯಿಂದ, ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರಿನಿಂದ. ಮೂವತ್ತು ವರ್ಷ ಕೈಯಲ್ಲಿ ದೋಟಿ ಹಿಡಿದು ಆಕಾಶ ನೋಡಿದವರು. ಅವರು ಮುಂದೆ ಬಂದು ಮಗಳ ಕೈಗಳನ್ನು ಕೋಲಿನ ಮೇಲೆ ಒಂದು ಮೊಳ ಒಳಕ್ಕೆ ಸರಿಸಿದರು.

“ಉದ್ದದ ದೋಟಿ ಸಿಕ್ದಾಗ ತುದೀಲಿ ಇಡ್ಕಬಾರ್ದು ಕಣವ್ವ, ತೂಗಾಡ್ತದೆ. ಒಂದ್ ಮೊಳ ಬುಟ್ಟು ಒಳಿಕ್ಕೆ ಇಡ್ಕೊ. ಯೋಳ್ದಂಗೆ ಕೇಳ್ತದೆ.” ನನ್ನ ಕಡೆ ತಿರುಗಿ, “ಅಲ್ವಾ ಸಾ?” ಎಂದರು.

ನಾನೂ ತೆಂಗಿನ ಮರದ ಬುಡದಲ್ಲಿ ಬೆಳೆದವನು. “ಸರಿಯಾಗಿ ಹೇಳಿದ್ರಿ” ಎಂದೆ. ಕೋಲು ಉದ್ದದ್ದಾಗಲಿ, ಹಿಡಿತ ಸದ್ಯಕ್ಕೆ ಗಿಡ್ಡಕ್ಕೇ ಇರಲಿ, ದಿನ ಕಳೆದಂತೆ ಬೆರಳು ಬೆರಳಾಗಿ ತುದಿಗೆ ಏರಿಸಿದರಾಯಿತು. ನನಗೆ ಅದು ಬಹಳ ಜಾಣತನದ ಯೋಜನೆಯಾಗಿ ಕಂಡಿತು. ಮೂರೂವರೆಯಲ್ಲಿ ಬಿಳಿ ಪ್ಲಾಸ್ಟರ್ ಸುತ್ತಿ ಗುರುತು ಮಾಡಿದೆ.

ನಮ್ಮ ದಿನಚರಿ ಹೀಗಿತ್ತು. ಬೆಳಿಗ್ಗೆ ಆರಕ್ಕೆ ನಾನೂ ಅಟೆಂಡರನೂ ಕೊಠಡಿಯಿಂದ ಹನ್ನೊಂದು ಸ್ಪಂಜಿನ ಹಾಸುಗಳನ್ನು ಒಂದೊಂದಾಗಿ ಎಳೆದು ತಂದು ಪೆಟ್ಟಿಗೆಯ ಹಿಂದೆ ಜೋಡಿಸಿ, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಬೇಕು. ಇಬ್ಬನಿ ಕುಡಿದ ಸ್ಪಂಜು ಹೆಣದಷ್ಟು ಭಾರ. ಒಂಬತ್ತಕ್ಕೆ ಮತ್ತೆ ಅಷ್ಟನ್ನೂ ಒಳಗೆ ಹಾಕಬೇಕು. ಇಲ್ಲದಿದ್ದರೆ ಮಧ್ಯಾಹ್ನ ಹಸುಗಳು ಅದರ ಮೇಲೆ ಮಲಗಿರುತ್ತವೆ. ಆಮೇಲೆ ಹತ್ತರಿಂದ ನಾಲ್ಕು ನನ್ನ ಕಾಲೇಜು. ಐವತ್ತಮೂರರ ವಯಸ್ಸಿಗೆ ಎರಡೂ ಮಂಡಿ ಮಾತಾಡಲು ಕಲಿತಿದ್ದವು. ರಾತ್ರಿ ಊಟದ ತಟ್ಟೆಯ ಮುಂದೆ ತೂಕಡಿಸುತ್ತಿದ್ದೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಮೊದಲ ವಾರ ಏನೂ ಸರಿಹೋಗಲಿಲ್ಲ. ಹುಡುಗಿ ಓಡಿಬಂದು ಕೋಲು ಊರುತ್ತಿದ್ದಳು, ಏಳುತ್ತಿದ್ದಳು, ಆದರೆ ಕೋಲು ನೆಟ್ಟಗೆ ನಿಲ್ಲುವ ಮೊದಲೇ ಅವಳ ವೇಗ ಖಾಲಿಯಾಗಿ ಹಾಸಿನ ಮುಂದಿನ ಅಂಚಿನಲ್ಲೇ ಕುಕ್ಕರಿಸುತ್ತಿದ್ದಳು. ಓಟ ಸಾಲದು ಎಂದೆ. ಹನ್ನೆರಡು ಹೆಜ್ಜೆಯ ಓಟವನ್ನು ಹದಿನಾಲ್ಕು ಮಾಡಿದೆ. ನೆಗೆಯುವ ಕಾಲು ಮೇಲಿನ ಕೈಯ ನೇರ ಕೆಳಗೆ ಬೀಳಬೇಕು. ಅದನ್ನು ನೋಡಲು ಗಾರೆ ಮೇಸ್ತ್ರಿಯಿಂದ ತೂಗುಗುಂಡು ತಂದು, ಅವಳನ್ನು ಕೋಲು ಎತ್ತಿ ನಿಲ್ಲಿಸಿ, ಕೈಯಿಂದ ದಾರ ಇಳಿಬಿಟ್ಟು ಗುರುತು ಹಾಕಿದೆ. ಕಾಲು ಸರಿಯಾಗಿಯೇ ಬೀಳುತ್ತಿತ್ತು. ಆದರೂ ಅವಳು ಏಳುತ್ತಿರಲಿಲ್ಲ.

“ಇನ್ನೂ ಜೋರಾಗಿ ಬಾ” ಎಂದೆ.

“ಇದಕ್ಕಿಂತ ಜೋರಾಗಿ ಬಂದ್ರೆ ಕಾಂಪೌಂಡ್ ಎಗರ್ತೀನಿ ಸಾ” ಎಂದಳು ಸೊಂಟದ ಮೇಲೆ ಕೈಯಿಟ್ಟು. “ನೀವೊಂದ್ಸಲ ಎಗ್ರಿ. ನಾನು ಅಲ್ಲಿ ನಿಂತ್ಕೊಂಡು ಜೋರಾಗಿ ಬಾ, ಜೋರಾಗಿ ಬಾ ಅಂತೀನಿ.”

ಎರಡನೇ ವಾರ ಅಟೆಂಡರ್ ತನ್ನ ಮಗ ಕೊಡಿಸಿದ ಹೊಸ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯತೊಡಗಿದ. ಒಂದು ದಿನ ಅದನ್ನು ಮೂರು ಸಲ ನೋಡಿ ನನ್ನ ಹತ್ತಿರ ಬಂದ.

“ಸಾ, ಬಗ್ತಾನೇ ಇಲ್ಲ ಕಣ್ ಸಾ ಇದು. ಹಳೇದು ಬಿಲ್ಲಿನಂಗೆ ಬಗ್ತಿತ್ತು. ಇದು ಒನಕೆ ಇದ್ದಂಗದೆ.”

“ನೀನು ವಿಡಿಯೊ ತೆಗಿ ಮಾರಾಯ, ವ್ಯಾಖ್ಯಾನ ಬೇಡ” ಎಂದುಬಿಟ್ಟೆ. ಆ ಮಾತು ಇವತ್ತಿಗೂ ನನ್ನ ಬಾಯಲ್ಲಿ ಕಹಿಯಾಗಿದೆ. ಹಾಸು ಎಳೆದು ಎಳೆದು ಸುಸ್ತಾದವನಿಗೆ ಇನ್ನೊಬ್ಬರು ಕಂಡದ್ದನ್ನು ಕೇಳುವ ತಾಳ್ಮೆ ಇರುವುದಿಲ್ಲ ಎನ್ನುವುದು ನೆಪ ಅಷ್ಟೇ.

ಕೋಲು ಬಗ್ಗದಿದ್ದುದಕ್ಕೆ ನಾನು ಕಂಡುಕೊಂಡ ಕಾರಣ ಬೇರೆ. ಹುಡುಗಿಗೆ ಅದರ ಉದ್ದದ ಭಯ ಇನ್ನೂ ಹೋಗಿಲ್ಲ ಎಂದುಕೊಂಡೆ. ಹಾಗಾಗಿ ಹಿಡಿತವನ್ನು ಇನ್ನೂ ನಾಲ್ಕು ಬೆರಳು ಒಳಕ್ಕೆ ಇಳಿಸಿದೆ. ಅವಳ ಅಪ್ಪ ಬೇಲಿಯ ಬಳಿ ನಿಂತು ತಲೆದೂಗಿದರು.

ಹದಿನಾರನೆಯ ದಿನ. ಅವಳು ಹದಿನಾಲ್ಕು ಹೆಜ್ಜೆ ಓಡಿಬಂದಳು. ಅಷ್ಟೂ ದಿನಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಓಟ ಅದು. ಕೋಲು ಊರಿದ ಸದ್ದು ಠಕ್ ಎಂದು ಕೇಳಿತು. ಮೇಲೆದ್ದಳು, ನಡುದಾರಿಯಲ್ಲಿ ಗೋಡೆಗೆ ಆನಿಸದ ಏಣಿಯ ಹಾಗೆ ಕೋಲು ನಿಂತೇಬಿಟ್ಟಿತು, ಅವಳನ್ನು ಹೊತ್ತುಕೊಂಡೇ ಬಂದ ದಾರಿಗೆ ವಾಲಿತು. ಹಾಸು ಮುಂದಿತ್ತು, ಅವಳು ಹಿಂದಕ್ಕೆ ಬಂದಳು. ಬಲಗಾಲಿನ ಹಿಮ್ಮಡಿ ಪೆಟ್ಟಿಗೆಯ ಕಬ್ಬಿಣದ ಅಂಚಿಗೆ ಬಡಿಯಿತು.

ಅವಳು ಕೂಗಲಿಲ್ಲ. ಬೇಲಿಯ ಬಳಿಯಿಂದ ಅವಳ ಅಪ್ಪ ಕೂಗಿದರು.

ಮೂಳೆ ಮುರಿದಿರಲಿಲ್ಲ. ಹನ್ನೆರಡು ದಿನ ಆ ಕಾಲು ಊರಬಾರದು ಎಂದರು ವೈದ್ಯರು. ಆಸ್ಪತ್ರೆಯ ಮುಂದಿನ ಬೆಂಚಿನಲ್ಲಿ ಅವಳ ಅಪ್ಪ ನನ್ನ ಪಕ್ಕ ಕೂತು, “ಬುಟ್ಬುಡಿ ಸಾ” ಎಂದರು. “ಆ ಮಿಷನ್ನು ಅಲ್ಲೇ ಇರ್ತದೆ. ಕಾಲೇ ಓಗ್ಬುಟ್ರೆ ಅದನ್ನೂ ತುಳಿಯಾಕಾಗಕಿಲ್ಲ.” ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸಲೀಸಾಗಿರುತ್ತಿತ್ತು.

ಭಾನುವಾರ ಕೋಲನ್ನು ವಾಪಸು ಕೊಟ್ಟುಬಿಡೋಣ ಎಂದೇ ಅರಕಲಗೂಡಿಗೆ ಹೊರಟೆ. ಅದೇ ಹೊಳೆನರಸೀಪುರ, ಅದೇ ಹೆಗಲು. ಈ ಸಲ ಮೇಷ್ಟ್ರು ಮನೆಯಲ್ಲಿದ್ದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಜಗುಲಿಯಲ್ಲಿ ಕೂತಿದ್ದವರು, ಕೋಲಿನ ಮೇಲೆ ಕೈಯಾಡಿಸಿ, ಪ್ಲಾಸ್ಟರ್ ಸಿಕ್ಕಲ್ಲಿ ಬೆರಳು ನಿಲ್ಲಿಸಿದರು.

“ಇದೇನಯ್ಯ, ಇಷ್ಟು ಒಳಕ್ಕೆ ಯಾರು ಹಿಡಿದಿದ್ದು?”

ಹೇಳಿದೆ. ಅರವತ್ತರ ಕೋಲು ಯಾಕೆ ಆರಿಸಿದೆ, ದೋಟಿಯ ಮಾತು, ನಾಲ್ಕು ಬೆರಳು, ಹಿಮ್ಮಡಿ, ಎಲ್ಲವನ್ನೂ ಹೇಳಿದೆ. ಅವರು ಸೊಸೆಯನ್ನು ಕರೆದು ಬೇಲಿಯಿಂದ ಒಂದು ಹಸಿ ಬರಲುಕಡ್ಡಿ ಮುರಿಸಿ ತರಿಸಿದರು. ಅದರ ಬುಡವನ್ನು ಜಗುಲಿಯ ಕಲ್ಲಿನ ಸಂದಿಗೆ ಊರಿ ನನ್ನ ಕೈಗೆ ತುದಿ ಕೊಟ್ಟರು.

“ಬಗ್ಗಿಸು.”

ಬಗ್ಗಿತು.

“ಈಗ ಒಂದು ಗೇಣು ಒಳಗೆ ಹಿಡಿದು ಬಗ್ಗಿಸು.”

ಬಲ ಹಾಕಬೇಕಾಯಿತು.

“ಇನ್ನೊಂದು ಗೇಣು.”

ಕಡ್ಡಿ ಹಠಮಾರಿ ಎತ್ತಿನ ಹಾಗೆ ನಿಂತಿತು. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನಿಗೆ ಬೇಲಿಯ ಕಡ್ಡಿ ಪಾಠ ಹೇಳುತ್ತಿತ್ತು.

“ದೋಟೀನ ಗಾಳಿಯಲ್ಲಿ ಎತ್ತಿ ಹಿಡೀತೀರ” ಎಂದರು ಅವರು. “ಇದನ್ನ ನೆಲಕ್ಕೆ ಊರಿ ಬಗ್ಗಿಸ್ತೀರ. ಅಲ್ಲಿ ಒಳಕ್ಕೆ ಹಿಡಿದರೆ ಹಗುರ, ಇಲ್ಲಿ ಒಳಕ್ಕೆ ಹಿಡಿದರೆ ಬಿರುಸು. ಬರೆದಿರೋ ಅರವತ್ತು ತುದಿಯಲ್ಲಿ ಹಿಡಿದಾಗ ಕಣಯ್ಯ. ನೀನು ಹಿಡಿಸಿದ ಜಾಗದಲ್ಲಿ ಅದು ಎಪ್ಪತ್ತೈದು ಕಿಲೊದವರ ಕೋಲು. ಐವತ್ತೊಂದರ ಮಗು ಏನು ಮಾಡ್ತದೆ? ಅವಳು ಹೆದರಿಕೊಂಡಿದ್ದರೆ ಬಚಾವಾಗ್ತಿದ್ದಳು, ಧೈರ್ಯವಾಗಿ ಓಡಿಬಂದಳು ನೋಡು, ಅದಕ್ಕೆ ಬಿದ್ದಳು.”

ಕೊನೆಯ ಮಾತು ನನಗೆ ಬೇಕಾಗಿತ್ತೋ ಇಲ್ಲವೋ, ಎದೆಯಲ್ಲಿ ಕೂತಿತು.

ಸೊಸೆಗೆ ಹೇಳಿ ಐವತ್ತೆರಡರ ಕೋಲನ್ನು ಇಳಿಸಿ ಕೊಡಿಸಿದರು. “ಇದನ್ನು ತಕೊಂಡು ಹೋಗು. ಮೂರು ಅರವತ್ತರ ಕೆಳಗೆ ಹಿಡಿಸಬೇಡ. ಓಟ ಅರ್ಧ ಮಾಡು. ಹಿಡಿತ ಮೇಲಕ್ಕೆ, ಓಟ ಗಿಡ್ಡಕ್ಕೆ. ನೀನು ಎರಡನ್ನೂ ತಲೆಕೆಳಗು ಮಾಡಿದ್ದೆ.” ಕಾಫಿ ಕುಡಿಸಿದರು. ಹೊರಡುವಾಗ, “ಆ ಹುಡುಗಿಗೆ ನಿಜ ಹೇಳಿಬಿಡು. ಮೇಷ್ಟ್ರ ತಪ್ಪನ್ನ ತನ್ನ ತಪ್ಪು ಅಂತ ಹೊತ್ತುಕೊಂಡರೆ ಆ ಭಾರಾನ ಯಾವ ಕೋಲೂ ಎತ್ತೋದಿಲ್ಲ” ಎಂದರು.

ವಾಪಸು ಕೊಡಲು ಹೋದವನು ಇನ್ನೊಂದು ಕೋಲು ಹೊತ್ತು ಬಂದೆ. ಆದರೆ ದಾರಿಯುದ್ದಕ್ಕೂ ತೀರ್ಮಾನವಾಗಿರಲಿಲ್ಲ. ಹಳೆಯ ಗಿಡ್ಡ ಕೋಲಿಗೆ ಮರಳಿದರೆ ಮೂರು ಹತ್ತು ಖಾತ್ರಿ, ಕಾಲೂ ಉಳಿಯುತ್ತದೆ, ಸೀಟು ಇಲ್ಲ. ಹೊಸದಕ್ಕೆ ಹೋದರೆ, ಅವಳು ಕಾಲು ಊರುವ ಹೊತ್ತಿಗೆ ಉಳಿಯುವುದು ಹದಿನಾಲ್ಕು ದಿನ. ನನ್ನ ಒಳಗಿನ ಸುಸ್ತು ಮೊದಲನೆಯದನ್ನೇ ಮಾಡು ಎನ್ನುತ್ತಿತ್ತು. ಆ ಸುಸ್ತು ಎಚ್ಚರಿಕೆಯ ವೇಷ ಹಾಕಿಕೊಂಡು ಬಂದಿತ್ತು.

ಮರುದಿನ ಬಾಗೂರಿನ ದಾರಿಯ ಅವರ ಮನೆಗೆ ಹೋದೆ. ಹುಡುಗಿ ಕಾಲು ಚಾಚಿಕೊಂಡು ಕೂತು ಅಪ್ಪನ ದೋಟಿಯ ಕುಡುಗೋಲಿಗೆ ಹೊಸ ಹಗ್ಗ ಸುತ್ತುತ್ತಿದ್ದಳು. ಅಂಗಳದಲ್ಲೇ ಒಂದು ಕಡ್ಡಿ ಮುರಿದು ಕಲ್ಲಿನ ಸಂದಿಗೆ ಊರಿ, ನನಗೆ ತೋರಿಸಿದ್ದನ್ನೆಲ್ಲ ಇಬ್ಬರಿಗೂ ತೋರಿಸಿದೆ. “ತಪ್ಪು ನನ್ನದು. ನೀನು ಸರಿಯಾಗೇ ಓಡಿ ಬಂದೆ” ಎಂದೆ.

ಅವಳ ಅಪ್ಪ ಕಡ್ಡಿಯನ್ನು ತಾವೇ ತೆಗೆದುಕೊಂಡು ತುದಿಯಲ್ಲಿ, ನಡುವಿನಲ್ಲಿ, ಬುಡದಲ್ಲಿ ಬಗ್ಗಿಸಿ ನೋಡಿದರು. ಮುಖ ತಗ್ಗಿಸಿ, “ನಾನಲ್ವಾ ಸಾ ಒಳಿಕ್ಕೆ ಇಡ್ಕೊ ಅಂದಿದ್ದು” ಎಂದರು.

“ನೀವು ಅಂದ್ರಿ, ಒಪ್ಪಿಕೊಂಡ ಮೇಷ್ಟ್ರು ನಾನು. ಸಂಬಳ ಬರೋದು ನನಗೆ.”

ಹುಡುಗಿ ನಕ್ಕಳು. ಹತ್ತು ದಿನದಲ್ಲಿ ಮೊದಲ ನಗು. “ಇಬ್ರೂ ಸೇರ್ಕೊಂಡು ನನ್ನನ್ನ ಕಾಯಿ ಕಿತ್ತಂಗೆ ಕಿತ್ಬುಟ್ರಿ. ಆಯ್ತು ಬುಡಿ, ಮೆತ್ತಗಿರೋದು ಎಲ್ಲಿ? ತಂದಿದೀರಾ?”

“ತಂದಿದೀನಿ. ಬೇಡ ಅಂದ್ರೆ ಬೇಡ. ಹಳೇ ಕೋಲಲ್ಲೇ ಹೋಗೋಣ.”

“ಹಳೇ ಕೋಲಲ್ಲಿ ಹೋಗಿ ಏನ್ ಸಾ ಮಾಡೋದು, ಆಸನ ಪ್ಯಾಟೆ ನೋಡ್ಕೊಂಡು ಬರೋದಾ?” ಎಂದಳು. ಅಪ್ಪನ ಮುಖ ನೋಡಿದಳು. ಅವರು ಕಡ್ಡಿಯನ್ನು ಇನ್ನೊಂದು ಸಲ ತುದಿಯಲ್ಲಿ ಹಿಡಿದು ಬಗ್ಗಿಸಿ, “ಹದಿನಾಕ್ ದಿನ ಅಲ್ವಾ, ನಾನೂ ಬತ್ತೀನಿ. ಆ ಹಾಸು ಎಳ್ಕೊಡ್ತೀನಿ” ಎಂದರು.

ತೀರ್ಮಾನ ಎಂದರೆ ಅಷ್ಟೇ.

ಹದಿನಾಲ್ಕು ದಿನಗಳ ಕೆಲಸ ನೋಡಲು ಬಹಳ ಸಪ್ಪೆ. ಮೊದಲ ದಿನ ಬರೀ ನಡೆದುಬಂದು ಕೋಲು ಊರುವುದು. ಎರಡನೆಯ ದಿನ ನಾಲ್ಕು ಹೆಜ್ಜೆ. ಆಮೇಲೆ ಆರು. ಆರು ಹೆಜ್ಜೆಯ ಓಟದಲ್ಲಿ, ಮೂರು ಅರವತ್ತರ ಹಿಡಿತದಲ್ಲಿ, ಅವಳು ಮೊದಲ ಸಲ ಕೋಲನ್ನು ಬಗ್ಗಿಸಿದಾಗ ನಾನು ಅಟೆಂಡರನ ಹತ್ತಿರ ಹೋದೆ.

“ಬಗ್ತಾ?” ಎಂದು ಕೇಳಿದೆ.

ಅವನು ಫೋನು ನೋಡುತ್ತಲೇ, “ವ್ಯಾಖ್ಯಾನ ಬೇಡ ಅಂದಿದ್ರಿ” ಎಂದ. ಆಮೇಲೆ ಅವನಿಗೇ ತಡೆಯಲಾಗದೆ, “ಕಾಮನಬಿಲ್ಲು ಇದ್ದಂಗದೆ ಕಣ್ ಸಾ” ಎಂದ.

ಎಲ್ಲವೂ ಸರಾಗವಾಗಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಎಂಟು ಹೆಜ್ಜೆಗೆ ಏರಿಸಿದ ದಿನ ಅವಳು ಕೋಲು ಊರುವ ಮೊದಲೇ ಬಿಟ್ಟು ಹಾಸಿನೊಳಗೆ ಓಡಿಹೋದಳು. ಹಿಮ್ಮಡಿಗೆ ಆ ಕಬ್ಬಿಣದ ಅಂಚು ನೆನಪಿತ್ತು. ಒಂಬತ್ತು ಸಲ ಹಾಗೇ ಆಯಿತು. ನಾನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎರಡಕ್ಕೂ ಚೈತನ್ಯ ಉಳಿದಿರಲಿಲ್ಲ. ಅವಳ ಅಪ್ಪ ಹಳೆಯ ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಹೊಲಿದು ತಂದು, ಪೆಟ್ಟಿಗೆಯ ಅಂಚಿನ ಸುತ್ತ ಕಾಲರಿನ ಹಾಗೆ ಕಟ್ಟಿದರು. ಹತ್ತನೆಯ ಸಲ ಅವಳು ಬಿಡಲಿಲ್ಲ. ಅಂದಿನಿಂದ ಹತ್ತು ಹೆಜ್ಜೆ, ಹನ್ನೆರಡು ಹೆಜ್ಜೆ. ಹಿಡಿತ ಬೆರಳು ಬೆರಳಾಗಿ ತುದಿಯ ಕಡೆಗೆ. ಮೂರು ಅರವತ್ತೈದರವರೆಗೆ ಬಂದೆವು. ಅಭ್ಯಾಸದಲ್ಲಿ ಮೂರು ಇಪ್ಪತ್ತು ಎರಡು ಸಲ ದಾಟಿದಳು. ಮೂರು ಮೂವತ್ತು ಒಂದು ಸಲವೂ ಇಲ್ಲ. ದಿನ ಮುಗಿದವು.

ಹಾಸನದಲ್ಲಿ ಆಯ್ಕೆಯ ದಿನ ಬಿಸಿಲು ಹದವಾಗಿತ್ತು, ಬೆನ್ನ ಹಿಂದಿನಿಂದ ಸಣ್ಣ ಗಾಳಿ. ಓಟದ ಹಾದಿ ರಬ್ಬರಿನದು, ಹಾಸು ಮನೆಯಷ್ಟು ದೊಡ್ಡದು. ಅಟೆಂಡರ್ ಅದನ್ನು ಮುಟ್ಟಿ ನೋಡಿ, “ಇದನ್ನ ದಿನಾ ಒಳಿಕ್ ಹಾಕೋರು ಯಾರು ಸಾ?” ಎಂದ. ಯಾರೂ ಇಲ್ಲ, ಅದು ಅಲ್ಲೇ ಇರುತ್ತದೆ ಎಂದಾಗ ಇನ್ನೊಂದು ಸಲ ಅದನ್ನು ಒತ್ತಿ ನೋಡಿದ.

ಮೂರು ಮೀಟರಿನಿಂದ ಶುರುಮಾಡಿದಳು. ಅದನ್ನು ಎರಡನೆಯ ಯತ್ನದಲ್ಲಿ ದಾಟಿದಳು. ಮೂರು ಹದಿನೈದು ಮೊದಲನೆಯದರಲ್ಲೇ. ಆಮೇಲೆ ಇಟ್ಟ ಎತ್ತರ ಮೂರು ಮೂವತ್ತು. ಪ್ರತಿ ಎತ್ತರಕ್ಕೂ ಮೂರು ಯತ್ನ.

ಮೊದಲ ಯತ್ನದಲ್ಲಿ ಎತ್ತರವಾಗಿಯೇ ಎದ್ದಳು. ಆದರೆ ಏರುವಾಗಲೇ ಮೊಣಕಾಲು ತಾಗಿ ಅಡ್ಡಪಟ್ಟಿ ಉರುಳಿತು. ನಮ್ಮನ್ನು ಹಗ್ಗದ ಆಚೆ ನಿಲ್ಲಿಸಿದ್ದರು. ಅವಳು ಹಗ್ಗದ ಹತ್ತಿರ ಬಂದಳು.

“ಪಟ್ಟಿ ಹಿಂದಕ್ಕೆ ಸರಿಸೋಕೆ ತೀರ್ಪುಗಾರರಿಗೆ ಹೇಳು, ಹತ್ತು ಸೆಂಟಿಮೀಟರ್” ಎಂದೆ. “ಆಮೇಲೆ ಹಿಡಿತ ಎರಡು ಬೆರಳು ಮೇಲಕ್ಕೆ. ತುದಿಗೆ.”

ಅವಳು ನನ್ನನ್ನೇ ನೋಡಿದಳು. ಅಷ್ಟು ಮೇಲೆ ಅವಳು ಯಾವತ್ತೂ ಹಿಡಿದಿರಲಿಲ್ಲ. ಎಗರುವವರು ತೊಂದರೆಯಲ್ಲಿದ್ದಾಗ ಕೈ ತಾನಾಗಿ ಒಳಕ್ಕೆ ಜಾರಲು ನೋಡುತ್ತದೆ. ನಾನು ಉಲ್ಟಾ ಹೇಳುತ್ತಿದ್ದೆ.

“ಎರಡಾ?”

“ಎರಡು.”

“ಈ ಸಲ ಬಿದ್ರೆ ಆಸನದಿಂದ ಬಾಗೂರ್ಗಂಟ ನೀವೇ ಒತ್ಕೊಂಡೋಗ್ಬೇಕು ಸಾ.”

“ಕೋಲು ಹೊತ್ತು ಅಭ್ಯಾಸ ಆಗಿದೆ, ನಡಿ.”

ಪಕ್ಕದಲ್ಲಿದ್ದ ಅವಳ ಅಪ್ಪ, “ತುದಿಗೇ ಇಡ್ಕೊಳವ್ವ” ಎಂದರು, ಮೆಲ್ಲಗೆ, ಅವಳಿಗೆ ಕೇಳಿಸಿತೋ ಇಲ್ಲವೋ.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಪೋಲ್ ವಾಲ್ಟ್ ಕಲಿಸುವವರು ಅಡ್ಡಪಟ್ಟಿ ನೋಡುವುದಿಲ್ಲ, ನೆಗೆಯುವ ಕಾಲು ನೋಡುತ್ತಾರೆ. ಅಷ್ಟು ವರ್ಷದ ಅಭ್ಯಾಸ. ಅವಳು ಓಡಿಬಂದಳು, ಕಾಲು ಮೇಲಿನ ಕೈಯ ನೇರ ಕೆಳಗೆ, ತೂಗುಗುಂಡು ಬಿಟ್ಟಷ್ಟು ಸರಿಯಾಗಿ ಬಿತ್ತು. ನಾನು ಆ ಜಾಗವನ್ನೇ ನೋಡುತ್ತಾ ನಿಂತುಬಿಟ್ಟೆ. ರಬ್ಬರಿನ ಮೇಲೆ ಅವಳ ಮೊಳೆ ಶೂಗಳ ಗುರುತು ನಿಧಾನವಾಗಿ ಮಾಯವಾಗುತ್ತಿತ್ತು. ಅಟೆಂಡರ್ ನನ್ನ ಭುಜಕ್ಕೆ ಗುದ್ದಿದಾಗ ತಲೆಯೆತ್ತಿದೆ. ಬಿಳಿ ಬಾವುಟ ಮೇಲಿತ್ತು, ಪಟ್ಟಿ ಇದ್ದಲ್ಲೇ ಇತ್ತು. ಅವಳು ಹಾಸಿನ ಮೇಲೆ ಮಂಡಿಯೂರಿ ಕೂತು ಮುಖ ಮುಚ್ಚಿಕೊಂಡಿದ್ದಳು. ಅವಳು ಮೂರು ಮೂವತ್ತು ದಾಟಿದ್ದನ್ನು ನಾನು ನೋಡಲಿಲ್ಲ. ಆಮೇಲೆ ವಿಡಿಯೊ ನೋಡೋಣವೆಂದರೆ, ಅಟೆಂಡರ್ ಆ ಒಂದು ಸಲ ಬಟನ್ನು ಒತ್ತುವುದನ್ನೇ ಮರೆತಿದ್ದ.

ಅವಳ ಅಪ್ಪ ನನ್ನ ಕೈ ಹಿಡಿದುಕೊಂಡರು. ಆ ಅಂಗೈ ತೆಂಗಿನ ಮಟ್ಟೆಯಷ್ಟು ಒರಟಾಗಿತ್ತು. ಮೂರು ನಲವತ್ತರಲ್ಲಿ ಅವಳು ಮೂರು ಸಲವೂ ಪಟ್ಟಿ ಬೀಳಿಸಿದಳು, ಅದರ ಬಗ್ಗೆ ಯಾರಿಗೂ ದುಃಖವಾಗಲಿಲ್ಲ.

ಎರಡು ತಿಂಗಳ ನಂತರ, ಬೆಂಗಳೂರಿನ ಆಚೆಗಿರುವ ಆ ವಸತಿ ನಿಲಯಕ್ಕೆ ಅವಳನ್ನು ಸೇರಿಸಲು ನಾನೇ ಹೋದೆ; ಅವಳ ಅಪ್ಪನಿಗೆ ಕಾಯಿ ಕೀಳುವ ಸರದಿ ಇತ್ತು. ಅಲ್ಲಿನ ತರಬೇತುದಾರರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವಳ ಒಂದು ನೆಗೆತ ನೋಡಿ, “ಕಾಲು ಚೆನ್ನಾಗಿ ಬೀಳುತ್ತೆ. ಉಳಿದದ್ದೆಲ್ಲ ಬದಲಾಯಿಸಬೇಕು” ಎಂದರು. ಗೋಡೆಯ ಸಾಲಿನಿಂದ ನಾಲ್ಕು ಹದಿನೈದರ ಕೋಲೊಂದನ್ನು ತೆಗೆದು ಅವಳ ಕೈಗಿಟ್ಟರು. ಅವಳು ಅದನ್ನೆತ್ತಿ ನಾಲ್ಕು ಹೆಜ್ಜೆ ನಡೆದು, ದೂರದಿಂದಲೇ ನನ್ನ ಕಡೆ ನೋಡಿದಳು. ನಾನು ಕೈಯೆತ್ತಿ, ಹೊರಟೆ.

ಮಧ್ಯಾಹ್ನದ ಬಸ್ಸು ಹಿಡಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕುಣಿಗಲ್ ದಾಟಿದ್ದು ನೆನಪಿದೆ. ಆಮೇಲೆ ಯಾರೋ ತೋಳು ಅಲ್ಲಾಡಿಸುತ್ತಿದ್ದರು.

“ಸಾ, ಏಳಿ ಸಾ. ಆಸನ ಬಂತು, ಇಳೀರಿ.”

“ನನಗೆ ಚನ್ನರಾಯಪಟ್ಟಣ” ಎಂದೆ.

“ಪಟ್ಟಣ ಆಗ್ಲೇ ಓಯ್ತು ಸಾ. ಕೂಗ್ದೆ, ಎರಡು ಸಲ ಕೂಗ್ದೆ. ನೀವು ಏಳ್ನಿಲ್ಲ” ಎಂದ ಕಂಡಕ್ಟರ್.

ಇಳಿದು, ನಿಲ್ದಾಣದಲ್ಲಿ ಒಂದು ಕಾಫಿ ಕುಡಿದು, ಹಿಂದಕ್ಕೆ ಹೋಗುವ ಬಸ್ಸಿಗೆ ಸಾಲಿನಲ್ಲಿ ನಿಂತೆ.